ನೀಲವ್ವನ ಖಾಲಿ ಬಾಟಲಿ

ಎದೆಬಡಿತವನ್ನು ಕಾಗದದ ಮೇಲೆ ಇಳಿಸುವುದು ನನ್ನ ಕೆಲಸವಾಗಿತ್ತು. ನಿವೃತ್ತನಾಗುವವರೆಗೆ ಬೇರೆ ಕೆಲಸ ಮಾಡಲಿಲ್ಲ. ಈಗ ಈ ವೃತ್ತಿಗೆ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ಹಳೆಯ ಇಸಿಜಿ ಮಷೀನು ಹೇಗಿತ್ತು, ಎಷ್ಟು ಭಾರವಿತ್ತು ಎಂದು ಕೇಳುತ್ತಾರೆ. ಅದನ್ನೂ ಹೇಳುತ್ತೇನೆ. ಆದರೆ ಅವರಲ್ಲಿ ಹೆಚ್ಚಿನವರು ಹೋಗಿ ಸೇರುವುದು ಹೊಸ ಔಷಧಗಳ ಪರೀಕ್ಷೆ ನಡೆಯುವ ಆಸ್ಪತ್ರೆಗಳಿಗೆ. ಅವರಿಗೆ ಮಷೀನಿಗಿಂತ ಮುಖ್ಯವಾದ ಒಂದು ಸಂಗತಿ ನನ್ನ ಬಳಿ ಇದೆ. ಎಪ್ಪತ್ತರ ದಶಕದಲ್ಲಿ ನಮ್ಮಲ್ಲೇ ನಡೆದದ್ದು. ನೆನೆದರೆ ಇಂದಿಗೂ ಮೊದಲು ಕೈ ತಣ್ಣಗಾಗುತ್ತದೆ, ಆಮೇಲೆ ಸಮಾಧಾನವಾಗುತ್ತದೆ. ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬೇರೆ ಬೇರೆ ಇಟ್ಟು ಬರೆಯುತ್ತೇನೆ.

ನಾನು ಬಬಲೇಶ್ವರದವನು. ವಿಜಯಪುರವನ್ನು ಆಗ ಬಿಜಾಪುರ ಎನ್ನುತ್ತಿದ್ದೆವು. ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ನನ್ನ ಕೈಗೆ ಬಂದದ್ದು ಕಬ್ಬಿಣದ ಪೆಟ್ಟಿಗೆಯಂಥ ಒಂದು ಮಷೀನು. ರೋಗಿಯ ಕೈಕಾಲಿಗೆ ರಬ್ಬರ್ ಪಟ್ಟಿ ಬಿಗಿದು, ತಗಡಿನ ಬಿಲ್ಲೆಗಳ ಕೆಳಗೆ ಉಪ್ಪುನೀರಿನ ಅರಿವೆ ಇಡಬೇಕು. ಬಿಸಿಯಾದ ಮುಳ್ಳೊಂದು ಮೇಣದ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಹಳ್ಳಿಗೆ ಒಯ್ದಾಗ ಭೂಮಿಗೆ ತಂತಿ ಹೂಳಿ ನೀರು ಹೊಯ್ದ ಮೇಲೆಯೇ ಗೆರೆ ಸ್ವಚ್ಛವಾಗಿ ಬೀಳುತ್ತಿತ್ತು. ತಿಕೋಟಾದಲ್ಲಿ ಒಮ್ಮೆ ನಾನು ಹಾಗೆ ನೀರು ಹೊಯ್ಯುವುದನ್ನು ಕಂಡ ಮುದುಕನೊಬ್ಬ, ಈ ಗಿಡ ಯಾವಾಗ ಕಾಯಿ ಬಿಡ್ತೈತಿ ಎಂದು ಕೇಳಿ ಎಲ್ಲರನ್ನೂ ನಗಿಸಿದ.

ನಮ್ಮ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು. ಬಿಳಿ ಅಂಗಿ, ದಪ್ಪ ಕನ್ನಡಕ, ಗಟ್ಟಿ ದನಿ. ಅವರು ಸಿಟ್ಟಿನವರು, ಆದರೆ ತಪ್ಪು ತಿಳಿದರೆ ಒಪ್ಪಿಕೊಳ್ಳುವವರು. ಇದನ್ನು ನಾನು ಮೊದಲು ಕಂಡದ್ದು ಕಾಶೀಮ್‌ಸಾಬರ ಪ್ರಕರಣದಲ್ಲಿ. ಕಾಶೀಮ್‌ಸಾಬ್ ನಮ್ಮೂರಲ್ಲಿ ಅರಿವೆ ಅಂಗಡಿ ಇಟ್ಟವರು. ಅವರ ಗೆರೆಯಲ್ಲಿ ದೊಡ್ಡ ಬಡಿತಗಳ ನಡುವೆ ಗರಗಸದ ಹಲ್ಲಿನಂತೆ ಒತ್ತೊತ್ತಾಗಿ ಸಣ್ಣ ಅಲೆಗಳು ಕಂಡವು. ದೊಡ್ಡ ಸಾಹೇಬರಿಗೆ ಬಹಳ ಹುರುಪು ಬಂತು. ಇದು ಅಪರೂಪದ ಬಡಿತ, ನೋಡಿಕೊಳ್ಳಿ ಎಂದು ಕಿರಿಯ ಡಾಕ್ಟರರನ್ನೆಲ್ಲ ಕರೆದು ಹಾಸಿಗೆಯ ಸುತ್ತ ನಿಲ್ಲಿಸಿದರು. ವಿವರಣೆ ಅರ್ಧಕ್ಕೆ ಬಂದಾಗ ನರ್ಸ್ ಹೊದಿಕೆ ಸರಿಪಡಿಸಲು ಎತ್ತಿದಳು. ಒಳಗೆ ಕಾಶೀಮ್‌ಸಾಬರ ಬಲಗೈ ಬೆರಳು ಸರಸರನೆ ತಸ್ಬೀ ಮಣಿ ಎಣಿಸುತ್ತಿತ್ತು. ಮಣಿ ನಿಲ್ಲಿಸಿದರೆ ಅಲೆಯೂ ನಿಂತಿತು. ದೊಡ್ಡ ಸಾಹೇಬರು ಕಾಶೀಮ್‌ಸಾಬರ ಭುಜ ತಟ್ಟಿ, ನನಗೂ ಎರಡು ಮಣಿ ಎಣಿಸಿರಿ ಎಂದರು.

ಅವರೇ ಒಂದು ವರ್ಷ ಎದೆಬಡಿತ ತಪ್ಪಿದವರ ಮೇಲೆ ಔಷಧ ಪರೀಕ್ಷೆ ಆರಂಭಿಸಿದರು. ಇಂಥವರಿಗೆ ಬಹುಕಾಲದಿಂದ ಕೊಡುತ್ತಿದ್ದ ಒಂದು ಹಳೆಯ ಗುಳಿಗೆ ಇತ್ತು, ಗಿಡದ ಎಲೆಯಿಂದ ತೆಗೆದದ್ದು. ಪ್ರಮಾಣ ಸರಿಯಿದ್ದರೆ ಬಡಿತವನ್ನು ಹದಕ್ಕೆ ತರುತ್ತದೆ, ತುಸು ಹೆಚ್ಚಾದರೆ ವಿಷ. ಅದರ ಜಾಗಕ್ಕೆ ಹೊಸ ಗುಳಿಗೆಯೊಂದು ಬಂದಿತ್ತು. ಅರ್ಧ ಜನಕ್ಕೆ ಹಳೆಯದು, ಅರ್ಧ ಜನಕ್ಕೆ ಹೊಸದು, ದಿನಕ್ಕೊಂದು. ಗುಳಿಗೆಯೂ ಬಾಟಲಿಯೂ ನೋಡಲು ಒಂದೇ ತರಹ. ಯಾರಿಗೆ ಯಾವುದು ಎಂಬುದು ಔಷಧ ಕೋಣೆಯವರಿಗೆ ಮಾತ್ರ ಗೊತ್ತು. ರೋಗಿಯಿಂದ ಸಹಿ ಪಡೆಯುವುದು, ಅಪಾಯ ಓದಿ ಹೇಳುವುದು ಇವೆಲ್ಲ ಆಗ ನಮ್ಮಲ್ಲಿ ಇರಲಿಲ್ಲ. ಬಾಯಿಮಾತಿನ ಒಪ್ಪಿಗೆಯೇ ಒಪ್ಪಿಗೆ.

ಮೊದಲ ವಾರ ಯಾರೂ ಬರಲಿಲ್ಲ. ಬಾಗಿಲಿಗೆ ‘ಔಷಧ ಪ್ರಯೋಗ ವಿಭಾಗ’ ಎಂದು ಫಲಕ ಹಾಕಿದ್ದರು. ನಮ್ಮ ಕಡೆ ಒಬ್ಬರ ಮೇಲೆ ಪ್ರಯೋಗ ಮಾಡಿದರು ಎಂದರೆ ಮಾಟ ಮಾಡಿಸಿದರು ಎಂದು ಅರ್ಥ. ಕನಮಡಿಯ ಹೆಂಗಸೊಬ್ಬಳು ಫಲಕ ಓದಿಸಿ ಕೇಳಿ, ಸೆರಗು ಬಿಗಿದುಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದದ್ದನ್ನು ನಾನೇ ಕಂಡೆ. ಫಲಕ ತೆಗೆದು ‘ಎದೆ ತಪಾಸಣೆ’ ಎಂದು ಬರೆಸಿದ ಮೇಲೆ ಜನ ಬಂದರು.

ತಾರೀಖು ಹೇಳಿ ಕರೆದರೆ ಅವರಿಗೆ ನೆನಪಿರುತ್ತಿರಲಿಲ್ಲ. ಹೀಗಾಗಿ ಪ್ರತಿ ಅಮಾವಾಸ್ಯೆ ಮುಗಿದ ಮೇಲೆ ಬರಬೇಕು ಎಂದು ಗೊತ್ತುಮಾಡಿದೆವು. ಅದು ಚೆನ್ನಾಗಿ ನಡೆಯಿತು. ಮಳೆಗಾಲ ಬಂದಾಗ ಇನ್ನೊಂದು ತೊಡಕು. ಎರೆಮಣ್ಣಿನ ದಾರಿಯಲ್ಲಿ ಬಸ್ಸು ಹೂತುಕೊಳ್ಳುತ್ತಿತ್ತು. ಡೋಣಿ ಹೊಳೆಗೆ ನೀರು ಬಂದರೆ ಬಬಲೇಶ್ವರದ ಕಡೆಯವರು ಆಚೆ ದಂಡೆಯಲ್ಲೇ ಉಳಿಯುತ್ತಿದ್ದರು. ಬರುವುದು ತಡವಾದರೂ ಗುಳಿಗೆ ತಪ್ಪಬಾರದೆಂದು, ಆಗಿನಿಂದ ಬಾಟಲಿಯಲ್ಲಿ ತಿಂಗಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಹಾಕಿ ಕೊಡತೊಡಗಿದರು. ಉಳಿದದ್ದನ್ನು ಬಾಟಲಿ ಸಮೇತ ತಿರುಗಿ ತರಬೇಕು, ನಾವು ಲೆಕ್ಕ ನೋಡುತ್ತೇವೆ ಎಂದು ಹೇಳಿ ಕಳಿಸುತ್ತಿದ್ದರು. ಈ ಮಾತನ್ನು ನೀವು ಗಮನದಲ್ಲಿಡಿ. ಲೆಕ್ಕ ನೋಡುವುದು ಯಾರು ಗುಳಿಗೆ ತಪ್ಪಿಸಿದ್ದಾರೆ ಎಂದು ತಿಳಿಯಲು. ಬಹಳ ಉಳಿಸಿ ತಂದವರಿಗೆ ಬೈಗುಳ ಸಿಗುತ್ತಿತ್ತು. ಖಾಲಿ ಬಾಟಲಿ ತಂದವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವರು ಒಳ್ಳೆಯ ರೋಗಿಗಳು.

ಅದೇ ಸುಮಾರಿಗೆ ದೊಡ್ಡ ಸಾಹೇಬರು ಇನ್ನೊಂದು ಕೆಲಸವನ್ನು ಇದಕ್ಕೆ ಜೋಡಿಸಿದರು. ಬಡಿತ ತಪ್ಪಿದ ಎದೆಯಿಂದ ಮಿದುಳಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ಅಂಥವರಿಗೆ ಮರೆವಿನ ಕಾಯಿಲೆ ಬೇಗ ಹಿಡಿಯುತ್ತದೆಯೇ ಎಂದು ನೋಡಬೇಕು ಎಂಬುದು ಅವರ ಆಸೆ. ಹೊರದೇಶದ ಪ್ರಶ್ನೆಗಳನ್ನು ಕನ್ನಡಕ್ಕೆ ಮಾಡಿಸಿದರು. ಇವತ್ತು ಯಾವ ತಾರೀಖು, ಯಾವ ತಿಂಗಳು, ದೇಶದ ಪ್ರಧಾನಿ ಯಾರು. ನಮ್ಮ ಮುದುಕರು ತಿಂಗಳು ಯಾವುದೆಂದರೆ ಶ್ರಾವಣ ಎನ್ನುತ್ತಿದ್ದರು, ಅದು ತಪ್ಪು ಎಂದು ಬೀಳುತ್ತಿತ್ತು. ಪ್ರಧಾನಿ ಯಾರೆಂದು ಕೇಳಿದಾಗ, ಈ ಪರೀಕ್ಷೆಗೆ ತಾವೂ ಸೇರಿದ್ದ ಕಾಶೀಮ್‌ಸಾಬರು, ದವಾಖಾನ್ಯಾಗ ಒಂದು ರೇಡಿಯೋ ಇಟಗೋಬಾರದೇನ್ರಿ, ನಮ್ಮನ್ಯಾಕ ಕೇಳ್ತೀರಿ ಎಂದರು. ಅವರಿಗೂ ಸೊನ್ನೆ ಬಿತ್ತು.

ಈ ಪ್ರಶ್ನೆ ಕೇಳುವ ಕೆಲಸ ಡಾಕ್ಟರ್ ವಸುಧಾ ಅವರದು. ಮೈಸೂರು ಕಡೆಯವರು, ಆಗಷ್ಟೇ ಓದು ಮುಗಿಸಿ ಬಂದಿದ್ದರು. ಮೊದಮೊದಲು ನಮ್ಮ ಮಾತು ಅವರಿಗೆ ತಿಳಿಯುತ್ತಿರಲಿಲ್ಲ, ಅವರ ಮಾತು ನಮಗೆ ನಗು ತರಿಸುತ್ತಿತ್ತು. ಆದರೆ ತಿಳಿಯದ್ದನ್ನು ತಿಳಿಯಿತೆಂದು ಅವರು ಎಂದೂ ತಲೆದೂಗಲಿಲ್ಲ. ಮತ್ತೆ ಕೇಳುತ್ತಿದ್ದರು. ಆ ಪ್ರಶ್ನೆಗಳಲ್ಲಿ ತಾರೀಖು ತೆಗೆದು, ಅಮಾವಾಸ್ಯೆ ಕಳೆದು ಎಷ್ಟು ದಿನ ಆಯಿತು ಎಂದು ಮಾಡಿಸಿದ್ದು ಅವರೇ.

ಇನ್ನು ನೀಲವ್ವನ ವಿಷಯ.

ನೀಲವ್ವ ತಿಕೋಟಾದವಳು. ಗಂಡ ತೀರಿಹೋಗಿದ್ದ, ಮಗ ಮಲ್ಲಪ್ಪನ ಮನೆಯಲ್ಲಿದ್ದಳು. ಅವಳ ಬಡಿತಕ್ಕೆ ತಾಳವಿರಲಿಲ್ಲ. ಎರಡು ಬೇಗ ಬಡಿದು ಒಂದು ಬಿಟ್ಟು ಮತ್ತೆ ಓಡುತ್ತಿತ್ತು. ಮೊದಲ ಸಲ ಪಟ್ಟಿ ಕಟ್ಟುವಾಗ, ಕೈಕಾಲು ಕಟ್ಟಿ ಹಾಕಾಕತ್ತೀಯಲ್ಲ, ನಾ ಏನ್ ಓಡಿ ಹೊಕ್ಕೇನೇನೋ ಯಪ್ಪಾ ಎಂದು ನನ್ನನ್ನು ಹಂಗಿಸಿದಳು. ಯಾವ ಊರು, ಯಾರ ಮಗ ಎಂದು ಕೇಳಿದಳು. ಹೇಳಿದೆ. ನಿಮ್ಮವ್ವನ ತಂಗಿ ನಮ್ಮ ಓಣಿಗೆ ಕೊಟ್ಟಾಕಿ ಅಲ್ಲೇನು, ಆಕಿ ಮಕ್ಕಳಿಗೆಲ್ಲ ನಾನ ಎರದೇನಿ ಎಂದಳು. ನಿಜವಾಗಿತ್ತು. ಅವಳ ಓಣಿಯಲ್ಲಿ ಯಾವ ಜಾತಿಯ ಮನೆಯಲ್ಲಿ ಕೂಸು ಹುಟ್ಟಿದರೂ, ಕಾಲು ಚಾಚಿ ಕೂತು, ಕೂಸನ್ನು ಮೊಳಕಾಲ ಮೇಲೆ ಮಲಗಿಸಿ ಬಿಸಿನೀರು ಎರೆಯುವವಳು ನೀಲವ್ವ. ವಸುಧಾ ಪ್ರಶ್ನೆ ಕೇಳಿದಾಗ ಪ್ರಧಾನಿಯ ಹೆಸರು ಗೊತ್ತಿಲ್ಲ ಎಂದು, ಅದರ ಬದಲು ತಾನು ಎರೆದ ಕೂಸುಗಳ ಹೆಸರನ್ನು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮನೆ ಹಿಡಿದು ಹೇಳಿದಳು. ವಸುಧಾ ಬರೆಯುವುದನ್ನು ನಿಲ್ಲಿಸಿ ಕೇಳುತ್ತಾ ಕೂತರು.

ಮಲ್ಲಪ್ಪನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಆ ಮಳೆಗಾಲದಲ್ಲಿ ಅವನ ಹೆಂಡತಿ ಶಾಂತವ್ವ ಹೆಣ್ಣುಕೂಸು ಹಡೆದಳು. ಊರ ಕೂಸುಗಳಿಗೆಲ್ಲ ಎರೆದವಳಿಗೆ ಕೊನೆಗೂ ತನ್ನ ಮನೆಯ ಕೂಸು. ಮುಂದಿನ ತಪಾಸಣೆಗೆ ಬಂದಾಗ ನೀಲವ್ವ ಹೇಳಿದ್ದು ಅದೊಂದೇ. ಎದೆಯ ಬಗ್ಗೆ ಕೇಳಿದರೂ ಕೂಸಿನ ಸುದ್ದಿ ಹೇಳಿದಳು.

ಅದರ ಮುಂದಿನ ತಿಂಗಳು ಬಂದವಳು ಬೇರೆಯೇ ನೀಲವ್ವ. ಮಲ್ಲಪ್ಪ ಕೈ ಹಿಡಿದು ಕರೆತಂದಿದ್ದ. ನನ್ನ ಗುರುತು ಹತ್ತಲಿಲ್ಲ. ಯಾವ ಊರಿಗೆ ಬಂದಿದ್ದೀ ಎಂದರೆ ತಂಗಿಯ ಮನೆಗೆ ಎಂದಳು. ಓಣಿಯ ಮಕ್ಕಳ ಹೆಸರು ಕೇಳಿದರೆ ಎರಡು ಹೇಳಿ, ಮೂರನೆಯದಕ್ಕೆ ತುಟಿ ಅಲುಗಿಸುತ್ತಾ ಕೂತಳು. ಬಾಟಲಿ ಮಾತ್ರ ಸೆರಗಿನ ಗಂಟಿನಲ್ಲಿ ಜೋಪಾನವಾಗಿತ್ತು, ಖಾಲಿ. ದೊಡ್ಡ ಸಾಹೇಬರು ಅದನ್ನು ಎತ್ತಿ ಹಿಡಿದು, ಬುದ್ಧಿ ಕೈಕೊಟ್ಟರೂ ಔಷಧ ತಪ್ಪಿಸಿಲ್ಲ ನೋಡಿ ಎಂದು ಉಳಿದ ರೋಗಿಗಳಿಗೆ ತೋರಿಸಿದರು.

ಅದರ ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಶಾಂತವ್ವನೂ ಜೊತೆಗೆ ಬಂದಳು. ಕೂಸು ಅವಳ ಬಗಲಲ್ಲಿತ್ತು. ಅವಳು ಹೇಳಿದ್ದನ್ನು ಕೇಳಿದಂತೆ ಬರೆಯುತ್ತೇನೆ. ಊರಲ್ಲಿ ಅತ್ತೆ ಚೆನ್ನಾಗಿಯೇ ಇರುತ್ತಾಳೆ, ಅಮಾವಾಸ್ಯೆ ಬಂತೆಂದರೆ ಕೆಡುತ್ತದೆ. ಊಟ ಸೇರುವುದಿಲ್ಲ, ವಾಂತಿ. ಕೂಸಿಗೆ ಕಾಮಣಿ ಆಗಿದೆ, ಹಳದಿಯಾಗಿದೆ ಎಂದು ಹಟ ಹಿಡಿಯುತ್ತಾಳೆ. ಕೂಸು ನೋಡಿದರೆ ಗುಂಡಗೆ ಆಟವಾಡುತ್ತಿರುತ್ತದೆ. ಈ ಅಮಾವಾಸ್ಯೆಯ ಮರುದಿನ ಎರೆಯಲು ಕೂತವಳು ಹಂಡೆಯ ಕುದಿನೀರನ್ನು ತಣ್ಣೀರು ಬೆರಸದೆ ತಂಬಿಗೆಗೆ ತೋಡಿಕೊಂಡಿದ್ದಳು. ಶಾಂತವ್ವ ನೋಡಿ ಕೈ ಹಿಡಿದಳು. ಒಂದು ಹನಿಯೂ ಕೂಸಿನ ಮೈಗೆ ತಾಗಲಿಲ್ಲ. ಅಂದಿನಿಂದ ಕೂಸಿಗೆ ಎರೆಯಲು ಪಕ್ಕದ ಮನೆಯವಳನ್ನು ಕರೆಯುತ್ತಿದ್ದಾರೆ.

ಶಾಂತವ್ವ ಇದನ್ನು ದೂರಿನಂತೆ ಹೇಳಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಾ ಹೇಳಿದಳು. ಮಲ್ಲಪ್ಪ ಗೋಡೆ ನೋಡುತ್ತಾ, ಅಮಾಸಿಗೆ ಏನರೆ ಗಾಳಿ ಸೋಂಕೇತೇನ್ರಿ ಎಂದು ಕೇಳಿದ.

ದೊಡ್ಡ ಸಾಹೇಬರು ಗಾಳಿಯ ಮಾತಿಗೆ ಸಿಡುಕಿದರು. ಇದು ಮರೆವಿನ ಕಾಯಿಲೆ, ಇಳಿಯುವ ದಾರಿಯೇ ಹೊರತು ಏರುವ ದಾರಿಯಲ್ಲ, ಇನ್ನು ಕೂಸನ್ನು ಅವಳ ಕೈಗೆ ಎಂದೂ ಕೊಡಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದರು. ಅವರು ಹೇಳುವಾಗ ನೀಲವ್ವ ಬೆಂಚಿನ ಮೇಲೆ ಕೂತಿದ್ದಳು. ಎಷ್ಟು ತಿಳಿಯಿತೋ ಗೊತ್ತಿಲ್ಲ. ಕೂಸು ಇದ್ದ ಕಡೆಗೆ ಕೈ ಚಾಚಿದಳು. ಶಾಂತವ್ವ ಕೂಸನ್ನು ಇನ್ನೊಂದು ಬಗಲಿಗೆ ದಾಟಿಸಿಕೊಂಡಳು. ಇದನ್ನು ನಾನು ಕಂಡೆ.

ಆಮೇಲೆ ಪಟ್ಟಿ ಕಟ್ಟಿ ಗೆರೆ ತೆಗೆದೆ. ಮುಳ್ಳು ಒಂದು ಬಡಿತ ಬರೆದು ನೆಟ್ಟಗೆ ಓಡತೊಡಗಿತು. ಕಾಗದ ಸರಿಯುತ್ತಲೇ ಇತ್ತು, ಮುಳ್ಳು ಏಳಲೇ ಇಲ್ಲ. ತಂತಿ ಕಳಚಿತೆಂದು ಮೊದಲು ಪಟ್ಟಿ ನೋಡಿದೆ. ಪಟ್ಟಿ ಬಿಗಿಯಾಗಿತ್ತು. ಅವಳ ಮುಖ ನೋಡಿದೆ. ಕಣ್ಣು ತೆರೆದೇ ಇತ್ತು. ಅಷ್ಟರಲ್ಲಿ ಮುಳ್ಳು ಎದ್ದು ಬಡಿತ ಬರೆಯಿತು. ಹಾಗೆ ಬಿಟ್ಟು ಬಿಟ್ಟು ಬಂತು. ನಿಂತ ಎದೆಗಳನ್ನು ನಾನು ಅದಕ್ಕೂ ಮೊದಲು ಕಂಡಿದ್ದೆ. ಆದರೆ ನನ್ನನ್ನು ನೋಡುತ್ತಿರುವವರ ಎದೆ ಕಾಗದದ ಮೇಲೆ ಹಾಗೆ ಸುಮ್ಮನಾದದ್ದನ್ನು ಕಂಡಿರಲಿಲ್ಲ. ಓಡಿಹೋಗಿ ಡಾಕ್ಟರರನ್ನು ಕರೆತಂದೆ.

ದೊಡ್ಡ ಸಾಹೇಬರು ಗೆರೆಯನ್ನು ಬೆಳಕಿಗೆ ಹಿಡಿದರು. ಬಡಿತದ ನಂತರ ಗೆರೆ ಚಮಚದ ಹೊಟ್ಟೆಯಂತೆ ಕೆಳಗೆ ಬಾಗಿತ್ತು. ಇವಳಿಗೆ ಬಿದ್ದದ್ದು ಹಳೆಯ ಗುಳಿಗೆ ಇರಬೇಕು, ಅದನ್ನು ತಿನ್ನುವ ಎಲ್ಲರಲ್ಲೂ ಈ ಬಾಗು ಇರುತ್ತದೆ, ಅದರಲ್ಲಿ ಹೊಸತೇನಿಲ್ಲ, ಬಡಿತ ಬಿಡುತ್ತಿರುವುದು ಎದೆಯೇ ಸೋಲುತ್ತಿರುವುದರಿಂದ ಎಂದರು. ದಿನಕ್ಕೊಂದು ಗುಳಿಗೆಯಿಂದ ಹೀಗಾಗಲಾರದು ಎಂಬುದೂ ಅವರ ಮಾತು. ದಿನಕ್ಕೊಂದೇ ಆಗಿದ್ದರೆ ಅದು ಸರಿಯಾದ ಮಾತೇ. ಅವಳನ್ನು ನಾಲ್ಕು ದಿನ ವಾರ್ಡಿನಲ್ಲಿ ಇಟ್ಟುಕೊಂಡರು. ಬಡಿತ ಸುಧಾರಿಸಿತು. ಮತ್ತೊಂದು ತುಂಬಿದ ಬಾಟಲಿ ಕೊಟ್ಟು ಕಳಿಸಿದರು.

ವಸುಧಾ ಮಾತ್ರ ಆ ಕಾಗದವನ್ನು ಎರಡು ಮೂರು ಸಲ ತರಿಸಿ ನೋಡಿದರು. ಅವರನ್ನು ಕಾಡಿದ್ದು ಗೆರೆಗಿಂತ ಶಾಂತವ್ವನ ಮಾತು. ನನ್ನನ್ನು ಕೇಳಿದರು, ಅಮಾವಾಸ್ಯೆಗೆ ಮಾತ್ರ ಕೆಡುತ್ತದೆ ಅಂದಳಲ್ಲ, ಈ ಜನ ಹಾಗೆ ಸುಮ್ಮನೆ ಹೇಳುತ್ತಾರೆಯೇ, ನೋಡಿ ಹೇಳುತ್ತಾರೆಯೇ. ಗಾಳಿ ಸೋಂಕು ಎನ್ನುವುದನ್ನು ನಾನೂ ನಂಬುತ್ತಿರಲಿಲ್ಲ, ಆದರೆ ಶಾಂತವ್ವ ಸುಳ್ಳು ಹೇಳುವವಳಂತೆ ಕಂಡಿರಲಿಲ್ಲ.

ಅಮಾವಾಸ್ಯೆಗೆ ಇನ್ನೂ ಒಂದು ವಾರವಿದ್ದಾಗ ನಮ್ಮ ಜೀಪು ತಿಕೋಟಾಕ್ಕೆ ಹೋಗುವುದಿತ್ತು. ಅಲ್ಲಿನ ತಪಾಸಣೆ ಬೇಗ ಮುಗಿಸಿ ವಸುಧಾ ನೀಲವ್ವನ ಮನೆ ತೋರಿಸು ಎಂದರು. ನನ್ನ ಚಿಕ್ಕಮ್ಮನ ಓಣಿ, ದಾರಿ ಗೊತ್ತಿತ್ತು.

ಹೊಸ್ತಿಲಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದವಳು ನೀಲವ್ವ. ದೂರದಿಂದಲೇ ನನ್ನನ್ನು ಗುರುತಿಸಿ, ಬಾರೋ ಕಟ್ಟಿ ಹಾಕೂ ಮಾಸ್ತರ, ಎಲ್ಲಿ ನಿನ್ನ ಪೆಟಗಿ ಎಂದಳು. ವಸುಧಾ ನಿಂತಲ್ಲೇ ನಿಂತರು. ಆಮೇಲೆ ಪಕ್ಕದಲ್ಲಿ ಕೂತು, ಮೆಲ್ಲಗೆ, ಆಸ್ಪತ್ರೆಯ ಪ್ರಶ್ನೆಗಳನ್ನೆಲ್ಲ ಮಾತಿನಂತೆ ಕೇಳಿದರು. ಅಮಾವಾಸ್ಯೆಗೆ ಎಷ್ಟು ದಿನ ಉಳಿದಿದೆ ಎಂಬುದರಿಂದ ಹಿಡಿದು ಓಣಿಯ ಕೊನೆಯ ಮನೆಯ ಕೂಸಿನ ಹೆಸರಿನವರೆಗೆ ಒಂದೂ ತಪ್ಪಲಿಲ್ಲ. ಒಳಗೆ ಪಕ್ಕದ ಮನೆಯವಳು ಕೂಸಿಗೆ ಎರೆಯುತ್ತಿದ್ದಳು. ಕೂಸು ಅಳುತ್ತಿತ್ತು. ನೀಲವ್ವ ಮಾತಾಡುತ್ತಲೇ ಕಿವಿ ಅತ್ತ ಇಟ್ಟಿದ್ದಳು. ನೀರು ಆರೇತಿ, ಅದಕ್ಕ ಅಳಾಕತ್ತೇತಿ ಎಂದು ಯಾರಿಗೂ ಅಲ್ಲದಂತೆ ಹೇಳಿ ಮತ್ತೆ ಮೊರ ಹಿಡಿದಳು. ಎದ್ದು ಒಳಗೆ ಹೋಗಲಿಲ್ಲ.

ನಮ್ಮನ್ನು ಊಟ ಮಾಡಿಸದೆ ಬಿಡಲಿಲ್ಲ. ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ವಸುಧಾ ಅವರಿಗೆ ಎರಡನೆಯ ರೊಟ್ಟಿ ಮುಗಿಯಲಿಲ್ಲ, ಅರ್ಧ ಬಿಟ್ಟು ಕೈ ತೊಳೆಯಲು ಎದ್ದರು. ನೀಲವ್ವ ಅವರ ಸೆರಗು ಹಿಡಿದು ಕೂಡಿಸಿದಳು. ಪ್ರಸಾದ ಬಿಟ್ಟು ಏಳಬಾರದು, ಅದೂ ನೀಡಿದವರ ಕಣ್ಮುಂದೆ ಎಂದು ಚೂರು ಮಾಡಿ, ಮೊಸರು ಹಾಕಿ ತಿನ್ನಿಸಿದಳು. ಆಮೇಲೆ ತನ್ನ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದು ತಾಟು ಬೋರಲು ಹಾಕಿದಳು. ನಮ್ಮ ಕಡೆಯ ಲಿಂಗಾಯತರ ಮನೆಗಳಲ್ಲಿ ಇದು ದಿನನಿತ್ಯದ ನೋಟ, ನಾನು ಗಮನಿಸಲೂ ಇಲ್ಲ. ವಸುಧಾ ಆ ತಾಟನ್ನೇ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ, ಗುಳಿಗೆಯ ಬಾಟಲಿ ತರಿಸಿ ಎಂದರು. ಶಾಂತವ್ವ ಗೋಡೆಯಲ್ಲಿನ ಮಾಡದಿಂದ ತೆಗೆದು ಕೊಟ್ಟಳು. ಅದರಲ್ಲಿ ಗುಳಿಗೆ ಇನ್ನೂ ಬಹಳ ಇದ್ದವು. ಅವರು ಬಾಟಲಿಯನ್ನು ಅಂಗೈಯಲ್ಲಿ ಇಟ್ಟುಕೊಂಡೇ ಕೇಳಿದರು.

“ಅಜ್ಜಿ, ಅಮಾವಾಸ್ಯೆಗೆ ಇನ್ನು ಒಂದು ವಾರ. ದಿನಕ್ಕೊಂದು ತಗೊಂಡ್ರೆ ಇದರಲ್ಲಿ ಉಳೀಬೇಕಲ್ಲ. ನಮ್ಮ ಹತ್ರ ಬರುವಾಗ ಖಾಲಿ ಹೇಗಿರುತ್ತೆ?”

“ಉಳೀತಾವಲ್ಲ ಮತ್ತ,” ಎಂದಳು ನೀಲವ್ವ. “ಉಳಿದದ್ದನ್ನ ಅಮಾಸಿ ಹಿಂದಿನ ದಿನ, ಅಮಾಸಿ ದಿನ ಕೂಡಿಸಿ ನುಂಗಿ ಮುಗಿಸ್ತೇನಿ.”

“ಯಾಕಜ್ಜಿ?”

“ಕೊಟ್ಟವರ ಮುಂದ ಎಂಜಲಾ ಒಯ್ದ ಇಡ್ಲೇನ್ ಯವ್ವಾ? ನೀಡಿದ್ದನ್ನ ಬಿಡೂ ಮಂದಿ ಅಲ್ಲ ನಾವು. ಅದರಾಗ ನೀವು ಲೆಕ್ಕಾ ಬ್ಯಾರೆ ನೋಡ್ತೀರಿ. ಉಳಿಸಿಕೊಂಡ ಬಂದವರಿಗೆ ಆ ದೊಡ್ಡ ಡಾಕ್ಟರ್ ಬೈಯೂದು ಕೇಳೇನಿ.”

ವಸುಧಾ, ಆ ದಿನಗಳಲ್ಲಿ ಕೂಸು ಮಾತ್ರ ಹಳದಿ ಕಾಣುತ್ತದೆಯೇ, ಬೇರೆ ಏನಾದರೂ ಕಾಣುತ್ತದೆಯೇ ಎಂದು ಕೇಳಿದರು. ನೀಲವ್ವ ಹೇಳಿದಳು, ಎಲ್ಲಾ ಹಳದಿನ, ಗ್ವಾಡಿ, ದೀಪ, ಹಾಲು. ಹಾಲು ಹಳದಿ ಆದರ ಏನಾತು, ಕೂಸು ಆಗಬಾರದಲ್ಲ, ಅದಕ್ಕ ಕೂಸಿಂದ ಹೇಳಿದೆ.

ನನಗೆ ಕಾಗದದ ಮೇಲಿನ ಆ ನೆಟ್ಟನೆಯ ಗೆರೆ ಕಣ್ಣಿಗೆ ಬಂತು. ಹಳೆಯ ಗುಳಿಗೆಯ ವಿಷ ಏರಿದಾಗ ವಾಂತಿ, ಬುದ್ಧಿ ಕಲಕುವುದು, ಕಂಡದ್ದೆಲ್ಲ ಹಳದಿಯಾಗುವುದು, ಬಡಿತ ನಿಂತು ನಿಂತು ಬರುವುದು, ಎಲ್ಲವೂ ಪುಸ್ತಕದಲ್ಲಿ ಇದ್ದದ್ದೇ ಎಂದು ವಸುಧಾ ಆಮೇಲೆ ಜೀಪಿನಲ್ಲಿ ನನಗೆ ವಿವರಿಸಿದರು. ಮರ್ಯಾದೆಗಾಗಿ ವಿಷ ನುಂಗುತ್ತಾರೆಂದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಮಾವಾಸ್ಯೆಗೆ ಕೆಡುತ್ತದೆ ಎಂದು ಮನೆಯವರು ಹೇಳಿದ್ದು ಸರಿ, ಗಾಳಿ ಎಂದದ್ದು ತಪ್ಪು. ಬುದ್ಧಿ ಕೆಟ್ಟಿದೆ ಎಂದು ನಾವು ಹೇಳಿದ್ದು ಸರಿ, ಇನ್ನು ಬರುವುದಿಲ್ಲ ಎಂದದ್ದು ತಪ್ಪು.

ಆದರೆ ಇನ್ನು ಮುಂದೆ ಉಳಿಸಿ ತನ್ನಿ ಎಂದರೆ ನೀಲವ್ವ ಒಪ್ಪಲಿಲ್ಲ. ನಿಮ್ಮ ಜೀವಕ್ಕೆ ಅಪಾಯ ಎಂದು ಡಾಕ್ಟರು ಎಷ್ಟು ಹೇಳಿದರೂ, ಆತು ತಗೋರಿ ಎನ್ನುವಳು. ಆ ದನಿ ನನಗೆ ಗೊತ್ತು. ಹೂಂ ಎಂದು ಮತ್ತೆ ತನ್ನ ರೀತಿಯಂತೆಯೇ ಮಾಡುವವರ ದನಿ ಅದು. ಆಗ ಒಲೆಯ ಹತ್ತಿರ ನಿಂತಿದ್ದ ಶಾಂತವ್ವ ಮೊದಲ ಸಲ ನಡುವೆ ಬಾಯಿ ಹಾಕಿದಳು.

“ಅತ್ತಿ, ಅದನ್ನ ಉಳಿದದ್ದು ಅನಬ್ಯಾಡ್ರಿ. ಬೀಜಕ್ಕ ತಗದಿಟ್ಟದ್ದು ಅನ್ರಿ.”

ನೀಲವ್ವ ಸೊಸೆಯ ಕಡೆ ತಿರುಗಿ ನೋಡಿದಳು. ಬಿತ್ತಲು ತೆಗೆದಿಟ್ಟ ಕಾಳನ್ನು ಆ ಮನೆಯಲ್ಲಿ ಎಂಥ ಹಸಿವಿನಲ್ಲೂ ಯಾರೂ ಮುಟ್ಟುತ್ತಿರಲಿಲ್ಲ. ಅದು ಎಂಜಲಲ್ಲ, ಉಳಿಕೆಯಲ್ಲ. ಬಾಟಲಿಯನ್ನು ಡಾಕ್ಟರ ಕೈಯಿಂದ ತೆಗೆದುಕೊಂಡು, ಹಂಗಾದರ ಬ್ಯಾರೆ ಮಾತು ಎಂದಳು.

ಆಸ್ಪತ್ರೆಗೆ ಬಂದು ಔಷಧ ಕೋಣೆಯಲ್ಲಿ ಕೇಳಿದಾಗ ನೀಲವ್ವನದು ಹಳೆಯ ಗುಳಿಗೆಯೇ ಎಂದು ತಿಳಿಯಿತು. ವಸುಧಾ ದೊಡ್ಡ ಸಾಹೇಬರ ಕೋಣೆಗೆ ಹೋಗಿ ಹೇಳುವಾಗ ನಾನು ಬಾಗಿಲ ಹೊರಗಿದ್ದೆ. ಮಾತು ಮುಗಿದ ಮೇಲೆ ದೊಡ್ಡ ಸಾಹೇಬರೇ ಹೊರಗೆ ಬಂದು, ಅಷ್ಟು ತಿಂಗಳೂ ಖಾಲಿ ಬಾಟಲಿ ತಂದವರು ಯಾರು ಯಾರು ಎಂದು ಕೇಳಿದರು. ಒಬ್ಬೊಬ್ಬರ ಊರಿಗೂ ಜೀಪು ಕಳಿಸಿದರು. ಅರಕೇರಿಯಲ್ಲಿ ಒಬ್ಬ, ಕಳ್ಳಕವಟಗಿಯಲ್ಲಿ ಇಬ್ಬರು ಹೆಂಗಸರು ಹಾಗೆಯೇ ನುಂಗಿ ಮುಗಿಸುತ್ತಿದ್ದರು. ಅವರಲ್ಲಿ ಇಬ್ಬರದು ಹೊಸ ಗುಳಿಗೆ, ಒಬ್ಬಳದು ಹಳೆಯದು. ಯಾರ ಜೀವಕ್ಕೂ ಏನೂ ಆಗಿರಲಿಲ್ಲ. ಕೊನೆಯ ಜೀಪು ತಿರುಗಿ ಬಂದು ಈ ಸುದ್ದಿ ಹೇಳಿದಾಗ ದೊಡ್ಡ ಸಾಹೇಬರು ಕನ್ನಡಕ ತೆಗೆದು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ನೀರು ತರಿಸಿ ಕುಡಿದರು. ಅಂದಿನಿಂದ ನಮ್ಮಲ್ಲಿ ರೋಗಿಗಳಿಗೆ ಹೇಳುವ ಮಾತು ಬದಲಾಯಿತು. ಲೆಕ್ಕ ಎಂಬ ಶಬ್ದ ಹೋಯಿತು. ಬೀಜಕ್ಕ ಒಂದಿಷ್ಟು ಇಟಗೊಂಡ ಬರ್ರಿ ಎಂದು ದೊಡ್ಡ ಸಾಹೇಬರೇ ಹೇಳುತ್ತಿದ್ದರು. ಮೊದಲ ದಿನ ಅದನ್ನು ಕೇಳಿದ ಕಾಶೀಮ್‌ಸಾಬರು, 'ಬಿತ್ತಿದರ ದವಾಖಾನಿ ಬೆಳೀತೈತೇನ್ರಿ' ಎಂದರು.

ಇನ್ನೂ ಒಂದು ಅಮಾವಾಸ್ಯೆ ಕಳೆಯಬೇಕಿತ್ತು. ಡಾಕ್ಟರು ಏನೇ ಹೇಳಲಿ, ಕುದಿನೀರು ತೋಡಿಕೊಂಡ ಕೈಯನ್ನು ಶಾಂತವ್ವ ಕಣ್ಣಾರೆ ಕಂಡಿದ್ದಳು. ಅವಳು ಅವಸರ ಮಾಡಲಿಲ್ಲ. ನಾನು ಅವಳನ್ನು ತಪ್ಪು ಎನ್ನುವುದಿಲ್ಲ.

ಅಮಾವಾಸ್ಯೆ ಕಳೆದ ಮರುದಿನ ನೀಲವ್ವ ಬರುವವರೆಗೆ ಕಾಯದೆ ವಸುಧಾ ನನ್ನನ್ನೂ ಮಷೀನನ್ನೂ ಜೀಪಿಗೆ ಹಾಕಿಕೊಂಡು ತಿಕೋಟಾಕ್ಕೆ ಹೊರಟರು. ಮುಂಜಾನೆಯ ಬಿಸಿಲು ಅಂಗಳಕ್ಕೆ ಆಗಷ್ಟೇ ಇಳಿದಿತ್ತು. ತಂತಿ ಹೂಳಿ ನೀರು ಹೊಯ್ದೆ. ಗೆರೆ ತೆಗೆದೆ. ತಾಳವಿಲ್ಲದ ಅದೇ ಹಳೆಯ ಬಡಿತ, ಆದರೆ ಎಲ್ಲೂ ಬಿಡಲಿಲ್ಲ. ಕಾಗದದ ಕೊನೆಯವರೆಗೆ ಮುಳ್ಳು ಏಳುತ್ತಲೇ ಇತ್ತು. ನಾನು ಬೇಕಾದದ್ದಕ್ಕಿಂತ ಉದ್ದ ಕಾಗದ ಓಡಿಸಿದೆ. ವಸುಧಾ ಬೇಡ ಎನ್ನಲಿಲ್ಲ.

ಪಟ್ಟಿ ಬಿಚ್ಚಿದಾಗ ಶಾಂತವ್ವ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಪಕ್ಕದ ಮನೆಯವಳನ್ನು ಅಂದು ಕರೆದಿರಲಿಲ್ಲ. ಅಂಗಳಕ್ಕೆ ಬಂದು ಕೂಸನ್ನು ಅತ್ತೆಯ ಮುಂದೆ ಬಿಸಿಲಿಗೆ ಹಿಡಿದಳು.

“ನೋಡ್ರಿ ಅತ್ತಿ. ಹಳದಿ ಐತೇನು?”

ನೀಲವ್ವ ಕೂಸಿನ ಕಣ್ಣರಪ್ಪೆ ಬಿಡಿಸಿ ನೋಡಿದಳು, ಉಗುರು ನೋಡಿದಳು, ಅಂಗಾಲು ನೋಡಿದಳು. ಅವಸರವಿಲ್ಲದೆ ನೋಡಿದಳು.

“ಎಲ್ಲೀ ಹಳದಿ? ಕರ್ರಗೈತಿ. ನಿಮ್ಮ ಮಾವನ ಬಣ್ಣ.”

ಮಲ್ಲಪ್ಪ ಮೊದಲು ನಕ್ಕ, ಆಮೇಲೆ ಶಾಂತವ್ವನಿಗೂ ನಗು ತಡೆಯಲಾಗಲಿಲ್ಲ. ನೀಲವ್ವ ಸೀರೆ ಮೇಲೆ ಮಾಡಿ, ಬಚ್ಚಲ ಕಲ್ಲಿನ ಮೇಲೆ ಕೂತು ಎರಡೂ ಕಾಲು ಚಾಚಿದಳು. ಹಂಡೆಯ ನೀರಿಗೆ ತಣ್ಣೀರು ಬೆರಸಿ, ಮೊಳಕೈ ಅದ್ದಿ ನೋಡಿ, ಮತ್ತಷ್ಟು ಬೆರಸಿದಳು. ಶಾಂತವ್ವ ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿದಳು. ಅವಳು ಅಲ್ಲೇ ನಿಂತು ನೋಡುತ್ತಾಳೆಂದು ನಾನು ಎಣಿಸಿದ್ದೆ. ಅವಳು ನಿಲ್ಲಲಿಲ್ಲ. ಒಳಗೆ ಹೋದಳು. ನಾನು ತಂತಿ ಸುತ್ತುತ್ತಿದ್ದಂತೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಬಂತು.